ಚುಕ್ಕಿ ಇಡಬೇಕಾದವರು

ನನ್ನ ಕಾಯಿಲೆಯನ್ನು ನನ್ನೊಬ್ಬನನ್ನು ಬಿಟ್ಟು ಎಲ್ಲರೂ ನೋಡಿದ್ದಾರೆ. ಹೆಂಡತಿ ಶಾರದಾ ನೋಡಿದ್ದಾಳೆ, ಮಗಳು ಅನಘಾ ನೋಡಿದ್ದಾಳೆ, ಹೊನ್ನಾವರದ ಪೇಟೆಯಲ್ಲಿ ನನ್ನ ಕನ್ನಡಕದ ಅಂಗಡಿಗೆ ತಾಗಿಯೇ ಚಪ್ಪಲಿ ಅಂಗಡಿ ಇಟ್ಟಿರುವ ಗಜಾನನ ನೋಡಿದ್ದಾನೆ. ಎಲ್ಲರಿಗಿಂತ ಮೊದಲು ನೋಡಿದವರು ಭಟ್ಕಳದ ಇಬ್ರಾಹಿಂ ಸಾಹೇಬರು. ನನಗೆ ಮಾತ್ರ ಅದರ ದರ್ಶನ ಇವತ್ತಿನವರೆಗೂ ಆಗಿಲ್ಲ. ಅದು ಬರುವಾಗ ನಾನು ಅಲ್ಲಿ ಇರುವುದಿಲ್ಲ.

ವಾರಕ್ಕೆರಡು ದಿನ ನಾನು ಸ್ಕೂಟರಿನಲ್ಲಿ ಭಟ್ಕಳಕ್ಕೆ ಹೋಗಿ, ಅಲ್ಲಿನ ಒಂದು ಔಷಧಿ ಅಂಗಡಿಯ ಮೂಲೆಯಲ್ಲಿ ಕುಳಿತು ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಇಬ್ರಾಹಿಂ ಸಾಹೇಬರು ಅಲ್ಲಿನ ಕಾಯಂ ಗಿರಾಕಿ. ಗಂಡುಮಕ್ಕಳೆಲ್ಲ ದುಬೈಯಲ್ಲಿದ್ದಾರೆ. ಮನೆಯಲ್ಲಿ ಕೂತು ಬೇಜಾರಾದಾಗಲೆಲ್ಲ ಅವರಿಗೆ ಕನ್ನಡಕದ ನಂಬರು ಬದಲಾಗಿದೆ ಎನ್ನಿಸುತ್ತದೆ. ಆ ದಿನವೂ ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು, "ಇದು ಚಲೋ ಕಾಣ್ತದಾ, ಮೊದ್ಲಿಂದಾ?" ಎಂದು ಕೇಳುತ್ತಿದ್ದೆ. ನೋಡಿದರೆ ಚೌಕಟ್ಟು ಅವರ ತೊಡೆಯ ಮೇಲಿದೆ. ಅವರು ನನ್ನನ್ನೇ ನೋಡುತ್ತಿದ್ದಾರೆ.

"ಎಂತ ಆತು ಸಾಹೇಬ್ರೆ, ಕಣ್ಣು ಉರೀತದಾ?"

"ನಂಗೆ ಎಂತದೂ ಆಗ್ಲಿಲ್ಲ. ನೀವೇ ಹೋಗ್ಬಿಟ್ಟಿದ್ರಿ."

"ಎಲ್ಲಿಗೆ?"

"ಅದು ನಂಗೆ ಹೆಂಗೆ ಗೊತ್ತು? ಕೈಯಲ್ಲಿ ಗಾಜು ಹಿಡ್ಕಂಡು ಬಾಯಿ ಚಪ್ಪರಿಸ್ತಾ ನಿಂತಿದ್ರಿ. ದೇವ್ರ ಹೆಸ್ರು ಹೇಳ್ತಿದ್ರೇನೋ ಅಂತ ಸುಮ್ನೆ ಕೂತೆ. ನಡುವೆ ಮಾತಾಡ್ಸಿದ್ರೆ ಪಾಪ ಅಲ್ವಾ?"

ನಾನು ಹುಟ್ಟಾ ಅನುಮಾನದವನು. ಹಾಗಾಗಿ ತಕ್ಷಣ ಅನುಮಾನಪಟ್ಟೆ. ನನ್ನ ಮೇಲಲ್ಲ, ಸಾಹೇಬರ ಮೇಲೆ. ಪಾಪ, ವಯಸ್ಸಾಯಿತು, ಏನೇನೋ ಕಾಣುತ್ತಿದೆ ಅಂದುಕೊಂಡು, ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದೆ. ಆಮೇಲೆ ಸ್ಕೂಟರ್ ಹತ್ತಿ, ಮುರ್ಡೇಶ್ವರ ದಾಟಿ, ಹೆದ್ದಾರಿಯ ಲಾರಿಗಳ ನಡುವೆ ಮನೆಗೆ ಬಂದೆ.

ಸಾಹೇಬರು ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದದ್ದು ಕೆಲವು ವಾರಗಳ ಮೇಲೆ, ಊಟಕ್ಕೆ ಕೂತಾಗ. ಶಾರದಾ ಬಂಗಡೆಯ ಸಾರು ಬಡಿಸಲು ಬಂದು "ಸಾಕಾ?" ಎಂದಳಂತೆ. ನಾನು ಅವಳನ್ನು ನೋಡಿದೆನಂತೆ, ಆದರೆ ಗೋಡೆ ನೋಡುವ ಹಾಗೆ. ಕರೆದರೂ ಓಗೊಡಲಿಲ್ಲವಂತೆ. ನನ್ನ ಆರೋಗ್ಯದ ಕಥೆಯಲ್ಲಿ ಇಂಥ 'ಅಂತೆ'ಗಳು ಬಹಳ. ದಯವಿಟ್ಟು ಸಹಿಸಿಕೊಳ್ಳಿ, ನಾನೂ ಸಹಿಸಿಕೊಂಡಿದ್ದೇನೆ.

ಮಾರನೆಯ ದಿನವೇ ಅವಳು ನನ್ನನ್ನು ಊರಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಒಂದು ಚೀಟಿ ಬರೆದು, ತಿಂಗಳಿಗೊಮ್ಮೆ ದಕ್ಷಿಣದ ದೊಡ್ಡ ಊರಿನಿಂದ ಕುಮಟಾದ ಒಂದು ನರ್ಸಿಂಗ್ ಹೋಮಿಗೆ ಬರುವ ನರರೋಗ ತಜ್ಞರ ಹತ್ತಿರ ಕಳಿಸಿದರು. ಅಲ್ಲಿನ ಜಗಲಿಯಲ್ಲಿ ಕಾಯುವುದೇ ಒಂದು ಅನುಭವ. ಎಲ್ಲರೂ ಕಣ್ಣಲ್ಲೇ ಪಕ್ಕದವರಿಗೆ ಎಂತ ಆಗಿರಬಹುದು ಎಂದು ತೂಗುತ್ತಿರುತ್ತಾರೆ. ಕೈ ನಡುಗುವ ಗಂಡನನ್ನು ಕರೆತಂದಿದ್ದ ಹಿರೇಗುತ್ತಿಯ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ದು ನೋಡಿದ್ರೆ ಎಂತದೂ ಕಾಣೂದಿಲ್ಲ, ಒಳಗಿಂದಾ?" ಎಂದಳು. ಹೌದೆಂದೆ. "ಹಂಗಾರೆ ನೀವು ಮುಂದೆ ಹೋಗಿ, ನಮ್ದು ಹೊರಗಿಂದು, ಕಾಯ್ತದೆ" ಎಂದು ತನ್ನ ಸರದಿ ಬಿಟ್ಟುಕೊಟ್ಟಳು. ನನಗೆ ಕೃತಜ್ಞತೆಗಿಂತ ಮೊದಲು ಗಾಬರಿಯಾಯಿತು. ನನ್ನ ಮುಖದಲ್ಲಿ ಇವಳಿಗೆ ಎಂತ ಕಂಡಿರಬಹುದು?

ಡಾಕ್ಟರು ನನ್ನನ್ನು ಮಾತಾಡಿಸಿದ ಮೇಲೆ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ಶಾರದಾಳನ್ನೊಬ್ಬಳನ್ನೇ ಉಳಿಸಿಕೊಂಡರು. ಅಲ್ಲಿಗೆ ಮುಗಿಯಿತು. ನಮ್ಮ ಕಡೆ ರೋಗಿಯನ್ನು ಹೊರಗೆ ಕೂರಿಸಿ ಮನೆಯವರ ಹತ್ತಿರ ಮಾತಾಡಿದರು ಅಂದರೆ ಅದರ ಅರ್ಥ ಒಂದೇ. ನನ್ನ ಚಿಕ್ಕಪ್ಪನಿಗೆ ಹಾಗೇ ಮಾಡಿದ್ದರು. ಅವನಿಗೆ ಹೊಟ್ಟೆಯಲ್ಲಿ ಗೆಡ್ಡೆ. ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗ್ಯಾಸ್ ಎಂದು ಹೇಳಿದ್ದೆವು. ಕೊನೆಯವರೆಗೂ ಸೋಡಾ ಕುಡಿಯುತ್ತಿದ್ದ. ಅವನಿಗೆ ಸೋಡಾ ತಂದುಕೊಡುತ್ತಿದ್ದವನು ನಾನೇ.

ಆಮೇಲೆ ತಲೆಯ ಸ್ಕ್ಯಾನ್ ಆಯಿತು. ಕೂದಲಿಗೆಲ್ಲ ಅಂಟು ಹಚ್ಚಿ ವಯರು ಸಿಕ್ಕಿಸುವ ಇನ್ನೊಂದು ಪರೀಕ್ಷೆಯೂ ಆಯಿತು. ಮುಂದಿನ ತಿಂಗಳು ಡಾಕ್ಟರು ಎಲ್ಲ ನೋಡಿ, "ಗೆಡ್ಡೆ ಇಲ್ಲ. ಇದೂ ಒಂದು ಬಗೆಯ ಫಿಟ್ಸ್" ಎಂದರು. ಫಿಟ್ಸ್ ಅಂದರೆ ದಾರಿಯಲ್ಲಿ ಬಿದ್ದು ಒದ್ದಾಡುವುದು, ಯಾರೋ ಓಡಿ ಬಂದು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುವುದು, ಇಷ್ಟೇ ನಾನು ಕಂಡದ್ದು. ಎಲ್ಲರೂ ಬೀಳುವುದಿಲ್ಲ, ಕೆಲವರು ಹೀಗೆ ಸುಮ್ಮನೆ ನಿಂತುಬಿಡುತ್ತಾರೆ, ಆ ಬೀಗದಕೈಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದರು. ಮಾತ್ರೆ ಬರೆದರು. ಸ್ಕೂಟರ್ ಮುಟ್ಟಬಾರದು ಎಂದರು. ನಿದ್ದೆ ಕೆಡಬಾರದು, ಚಿಂತೆ ಮಾಡಬಾರದು ಎಂದರು. ನನಗೆ ಚಿಂತೆ ಮಾಡಬೇಡಿ ಎನ್ನುವುದು ಅಘನಾಶಿನಿ ಹೊಳೆಗೆ ಹರಿಯಬೇಡ ಎಂದ ಹಾಗೆ. ಕೊನೆಗೆ, "ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಮನೆಯವರನ್ನು ಕೇಳಿ ಬರೆದಿಡಿ. ಅದನ್ನು ನೋಡಿಯೇ ಮಾತ್ರೆ ಹೆಚ್ಚು ಕಡಿಮೆ ಮಾಡುವುದು. ಬಹಳ ಕಾಲ ಬರಲೇ ಇಲ್ಲ ಅಂದರೆ ಸ್ಕೂಟರಿನ ಬಗ್ಗೆ ನೋಡೋಣ" ಎಂದರು.

ಬರೆದಿಡುವ ವಿಷಯ ಕೇಳಿ ಅನಘಾ ಚುರುಕಾದಳು. ಅವಳು ಇಲ್ಲೇ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಬಣ್ಣದ ಪೆನ್ನು, ಹೂವಿನ ಅಂಟುಪಟ್ಟಿ ಎಲ್ಲ ಇಟ್ಟುಕೊಂಡು ಒಂದು ಪುಸ್ತಕದಲ್ಲಿ ದಿನಾ ಏನೋ ಗೀಚುತ್ತಾಳೆ.

"ಅಪ್ಪ, ನಿಂಗೆ ಬುಲೆಟ್ ಜರ್ನಲ್ ಮಾಡಿ ಕೊಡ್ತೆ."

"ಸ್ಕೂಟರ್ ಕಸ್ಕಂಡು ಬುಲೆಟ್ ಕೊಡ್ತ್ರ್ಯಾ?"

"ಜೋಕು ಹಳೇದಾತು. ಕೇಳು ಇಲ್ಲಿ."

ಗೆರೆಯ ಬದಲು ಪುಟದ ತುಂಬ ಸಣ್ಣ ಸಣ್ಣ ಚುಕ್ಕಿಗಳಿದ್ದ ಪುಸ್ತಕ ತಂದಳು. ಮೊದಲ ಪುಟಗಳು ಪರಿವಿಡಿಗೆ. ಪ್ರತಿ ಪುಟಕ್ಕೂ ನಂಬರು ನಾವೇ ಹಾಕಬೇಕು. ಉದ್ದುದ್ದ ವಾಕ್ಯ ಬರೆಯಬಾರದು. ಮಾಡಬೇಕಾದ ಕೆಲಸಕ್ಕೆ ಚುಕ್ಕಿ, ಮಾಡಿ ಮುಗಿದರೆ ಅದರ ಮೇಲೆ ಅಡ್ಡಗೀಟು, ನಾಳೆಗೆ ಹೋದರೆ ಬಾಣ, ನಡೆದ ಸಂಗತಿಗೆ ಸೊನ್ನೆ, ಸುಮ್ಮನೆ ಟಿಪ್ಪಣಿಗೆ ಸಣ್ಣ ಗೆರೆ. ಇಷ್ಟೇ. ಇಷ್ಟು ಸುಲಭವಾದದ್ದರ ಮೇಲೆ ನನಗೆ ಅನುಮಾನ. ಕದ್ದು ಓದುವವರಿಗೆ ಅನುಕೂಲವಾಗಲಿ ಎಂದೇ ಯಾರೋ ಪರಿವಿಡಿ ಕಂಡುಹಿಡಿದಿರಬೇಕು ಅನ್ನಿಸಿತು.

ಹೊಸದಾಗಿ ಶುರು ಮಾಡುವವರು ನನ್ನ ಹಾಗೆ ಮಾಡಬೇಡಿ. ಮೊದಲ ತಿಂಗಳಲ್ಲಿ ನಾನು ನಿದ್ದೆಗೆ ಒಂದು ಪುಟ, ನೀರಿಗೆ ಒಂದು, ಚಹಾಕ್ಕೆ ಒಂದು, ಹೊಟ್ಟೆ ಹೋದದ್ದಕ್ಕೆ ಒಂದು, ಭಯಕ್ಕೆ ಒಂದು ಮಾಡಿದೆ. ಭಯಕ್ಕೆ ಹತ್ತರಲ್ಲಿ ಅಂಕ ಕೊಡುತ್ತಿದ್ದೆ. ನನಗೆ ಶಾಲೆಯಲ್ಲೂ ಅಷ್ಟು ಅಂಕ ಬಂದಿರಲಿಲ್ಲ. ಪುಸ್ತಕ ತುಂಬಿಸುವುದರಲ್ಲೇ ನಿದ್ದೆ ತಡವಾಗಿ, ನಿದ್ದೆಯ ಪುಟದ ಅಂಕ ಇಳಿದು, ಅದರಿಂದ ಭಯದ ಪುಟದ ಅಂಕ ಏರಿತು. ಅನಘಾ ಪುಸ್ತಕ ಕಸಿದುಕೊಂಡು ತಿಂಗಳಿಗೆ ಒಂದೇ ಪುಟ ಮಾಡಿದಳು. ಎಡಕ್ಕೆ ತಾರೀಖು, ಪಕ್ಕದಲ್ಲಿ ಮೂರು ಕಂಬ: ಮಾತ್ರೆ, ನಿದ್ದೆ, 'ಅದು'. ಕಾಯಿಲೆಯ ಹೆಸರು ಬರೆಯಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಅದು ಬಂದ ದಿನ ದಪ್ಪ ಚುಕ್ಕಿ, ಬಾರದ ದಿನ ಖಾಲಿ.

ದಿನಾ ಊಟ ಮುಗಿದ ಮೇಲೆ ಪುಸ್ತಕ ಬಿಚ್ಚಿ ವಿಚಾರಣೆ ಮಾಡುತ್ತಿದ್ದೆ.

"ಇವತ್ತು ಎಂತಾರೂ ಆತಾ?"

"ಎಂತದೂ ಆಗ್ಲಿಲ್ಲ" ಎನ್ನುತ್ತಿದ್ದಳು ಶಾರದಾ, ಪಾತ್ರೆ ಎತ್ತುತ್ತ.

"ಅನಘಾ?"

"ಇಲ್ಲಪ್ಪ."

ಅಂಗಡಿಯಲ್ಲಿ ಗಜಾನನನನ್ನು ಕೇಳುತ್ತಿದ್ದೆ. "ದತ್ತಣ್ಣ, ನಿಮ್ಗೆ ಎಂತ ಆಗ್ತದೆ? ಕಲ್ಲುಗುಂಡಿನ ಹಂಗಿದ್ರಿ" ಎನ್ನುತ್ತಿದ್ದ. 'ಅದು' ಕಂಬ ಖಾಲಿಯಾಗೇ ಉಳಿಯಿತು. ಮುಂದಿನ ತಿಂಗಳೂ ಖಾಲಿ. ಜಗತ್ತಿನಲ್ಲಿ ಎಲ್ಲದರ ಮೇಲೂ ಅನುಮಾನ ಪಡುವ ನಾನು ಆ ಒಂದು 'ಇಲ್ಲ'ದ ಮೇಲೆ ಮಾತ್ರ ಪಡಲಿಲ್ಲ. ಅದು ನನಗೆ ಬೇಕಾಗಿದ್ದ ಉತ್ತರವಾಗಿತ್ತು.

ಆದರೆ ಬೇರೆ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಬಚ್ಚಲಮನೆಯ ಬಾಗಿಲಿಗೆ ಒಳಗಿನ ಚಿಲಕವೇ ಇಲ್ಲ. ಕೇಳಿದರೆ ಶಾರದಾ, "ತುಕ್ಕು ಹಿಡಿದಿತ್ತು, ತೆಗಿಸ್ದೆ" ಎಂದಳು. ಹೊಸದು ಹಾಕಿಸಲಿಲ್ಲ. ಗಜಾನನ ತನ್ನ ಅಂಗಡಿಯ ಸ್ಟೂಲನ್ನು ತಂದು ಮಧ್ಯಾಹ್ನವೆಲ್ಲ ನನ್ನ ಬಾಗಿಲಲ್ಲೇ ಕೂರತೊಡಗಿದ. ಗಿರಾಕಿ ಬಂದರೂ ಏಳುತ್ತಿರಲಿಲ್ಲ. ಗಾಜಿನ ಲೋಟದ ಬದಲು ನನಗೆ ಸ್ಟೀಲಿನ ಲೋಟದಲ್ಲಿ ಚಹಾ ಬರತೊಡಗಿತು. ನಾನು ಬಾವಿಕಟ್ಟೆಯ ಕಡೆ ಹೊರಟರೆ ಅನಘಾಗೆ ಅಲ್ಲೇ ಏನೋ ಕೆಲಸ ಹುಟ್ಟುತ್ತಿತ್ತು. ನಾನು ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ಎಂದೂ ಇಲ್ಲದೆ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಶಾರದಾ ನನ್ನ ಜೊತೆ ಮೆತ್ತಗೆ ಮಾತಾಡಿದ್ದು ನನ್ನ ತಾಯಿ ತೀರಿಕೊಂಡ ವಾರದಲ್ಲಿ ಮಾತ್ರ.

ಬುಲೆಟ್ ಜರ್ನಲ್ಲಿನಲ್ಲಿ ಬೇಕಾದ ವಿಷಯಕ್ಕೆ ಒಂದು ಪ್ರತ್ಯೇಕ ಪುಟ ಮಾಡಿಕೊಳ್ಳಬಹುದು. ಅನಘಾ 'ನೋಡಬೇಕಾದ ಊರುಗಳು' ಎಂದು ಮಾಡಿಕೊಂಡಿದ್ದಾಳೆ. ನಾನು ಹಿಂದಿನಿಂದ ಒಂದು ಪುಟ ತೆಗೆದು 'ಅನುಮಾನಗಳು' ಎಂದು ತಲೆಬರಹ ಕೊಟ್ಟೆ. ಪರಿವಿಡಿಯಲ್ಲಿ ಹಾಕಲಿಲ್ಲ. ಚಿಲಕ, ಸ್ಟೂಲು, ಲೋಟ, ಬಾವಿಕಟ್ಟೆ ಎಂದು ಬರೆದುಕೊಳ್ಳುತ್ತ ಹೋದೆ. ಎಲ್ಲ ಕೂಡಿಸಿ ನೋಡಿದರೆ ಉತ್ತರ ಸ್ಪಷ್ಟವಾಗಿತ್ತು. ತಲೆಯಲ್ಲಿ ಗೆಡ್ಡೆ ಇದೆ. ಫಿಟ್ಸ್ ಅನ್ನುವುದು ನನ್ನ ಪಾಲಿನ ಸೋಡಾ.

ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಭಯ. ವಿಮೆಯ ಕಾಗದಗಳನ್ನು ಕಪಾಟಿನ ಮೇಲಿನ ಅರೆಯಿಂದ ಕೆಳಗಿನ ಅರೆಗೆ ತಂದಿಟ್ಟೆ, ಶಾರದಾಳ ಕೈಗೆ ಎಟುಕಲಿ ಎಂದು. ಅವಳು ಅದನ್ನು ಮತ್ತೆ ಮೇಲಕ್ಕೆ ಇಟ್ಟಳು, ಗೆದ್ದಲು ಹಿಡಿದೀತು ಎಂದು.

ಕುಮಟಾಕ್ಕೆ ಹೋಗುವ ದಿನ ಬಂತು. ಡಾಕ್ಟರು ಪುಸ್ತಕ ತಿರುಗಿಸಿ ನೋಡಿದರು. ಪುಟದ ಮೇಲೆ ಪುಟ, ಮೂರನೆಯ ಕಂಬ ಖಾಲಿ. ಅವರ ಮುಖ ಅರಳಿತು.

"ಬಹಳ ಒಳ್ಳೆಯದು. ಮಾತ್ರೆ ಚೆನ್ನಾಗಿ ಹಿಡಿದಿದೆ. ಹೀಗೇ ಇದ್ದರೆ ಇನ್ನು ಸ್ವಲ್ಪ ಸಮಯದಲ್ಲಿ ಸ್ಕೂಟರಿನ ಬಗ್ಗೆ ಯೋಚಿಸಬಹುದು."

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸಾಯುವವನಿಗೆ ಬೇಕಾದ್ದು ತಿನ್ನಲು ಕೊಡಿ ಎನ್ನುವುದಿಲ್ಲವೇ, ಹಾಗೆ ನನಗೆ ಸ್ಕೂಟರ್ ಕೊಡುತ್ತಿದ್ದಾರೆ.

"ಡಾಕ್ಟ್ರೆ, ಮುಚ್ಚಿಡೂದು ಬೇಡ. ನಂಗೆ ಇನ್ನೆಷ್ಟು ಸಮಯ ಇದೆ?"

"ಯಾವುದಕ್ಕೆ?"

"ಎಲ್ಲದಕ್ಕೂ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಪುಸ್ತಕವನ್ನು ಈಚೆ ಎಳೆದುಕೊಂಡು ಹಿಂದಿನಿಂದ ತೆಗೆದು, ಅನುಮಾನಗಳ ಪುಟವನ್ನು ಸಾಕ್ಷಿ ಹೇಳುವವನ ಹಾಗೆ ಓದಿದೆ. ಚಿಲಕ ತೆಗೆಸಿದ್ದು, ಸ್ಟೂಲು ಬಂದದ್ದು, ಲೋಟ ಬದಲಾದದ್ದು. ಓದುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು, ಡಾಕ್ಟರ ಮುಖ ಗಂಭೀರವಾಯಿತು. ಮುಗಿಸಿ ತಲೆಯೆತ್ತಿದರೆ ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ.

"ಅಮ್ಮಾ, ಬಚ್ಚಲಮನೆಯ ಚಿಲಕ ಯಾಕೆ ತೆಗೆಸಿದಿರಿ?"

ಶಾರದಾ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು.

"ಒಳಗೆ ಬಿದ್ರೆ ಬಾಗ್ಲು ಒಡೀಬೇಕಾಗ್ತದೆ ಹೇಳಿ."

"ಬಿದ್ದಿದ್ದಾರಾ?"

"ಬೀಳ್ಲಿಲ್ಲ. ನಿಂತೇ ಇದ್ರು. ನೀರು ಸೋರ್ತಾ ಇತ್ತು. ಕರೆದ್ರೆ ಮಾತಿಲ್ಲ."

"ಯಾವಾಗ? ಇದರಲ್ಲಿ ಏನೂ ಇಲ್ಲವಲ್ಲ."

"ನೀವೇ ಹೇಳಿದ್ರಲ್ಲ, ಇವ್ರಿಗೆ ಚಿಂತೆ ಆಗ್ಬಾರ್ದು, ನಿದ್ದೆ ಕೆಡ್ಬಾರ್ದು ಹೇಳಿ. ಇವ್ರಿಗೆ 'ಬಂತು' ಅಂದ್ರೆ ವಾರ ಪೂರಾ ನಿದ್ದೆ ಮಾಡೂದಿಲ್ಲ. ನಿದ್ದೆ ಮಾಡ್ದಿದ್ರೆ ಮತ್ತೆ ಬತ್ತದೆ. ಅದ್ಕೆ ಯಾರೂ ಹೇಳೂದು ಬೇಡ ಅಂದೆ. ಮಗಳ ಹತ್ರ, ಗಜಾನನನ ಹತ್ರ, ನಾನೇ ಹೇಳಿಟ್ಟಿದ್ದೆ."

ಗಾಜಿನ ಲೋಟ ಅಂಗಡಿಯಲ್ಲಿ ನನ್ನ ಕೈಯಿಂದ ಜಾರಿತ್ತಂತೆ. ಗಜಾನನ ಚೂರು ಗುಡಿಸಿ, ಬೆಕ್ಕು ಬೀಳಿಸಿತು ಎಂದಿದ್ದ. ನಾನು ಬೆಕ್ಕನ್ನು ಬೈದದ್ದು ನನಗೆ ಚೆನ್ನಾಗಿ ನೆನಪಿದೆ.

ಡಾಕ್ಟರು ಸಿಟ್ಟು ಮಾಡಲಿಲ್ಲ. ಆ ಖಾಲಿ ಕಂಬದ ಮೇಲೆ ಕೈಯಿಟ್ಟು, "ಇದನ್ನು ನಂಬಿ ನಾನು ಇವರನ್ನು ಹೆದ್ದಾರಿಗೆ ಕಳಿಸುವವನಿದ್ದೆ" ಎಂದರು. ಅಷ್ಟೇ. ಶಾರದಾಳ ಕೈ ಜಿಪ್ಪಿನ ಮೇಲೆ ನಿಂತುಬಿಟ್ಟಿತು. ಮಾತ್ರೆ ಹೆಚ್ಚಿಸಿದರು. ನನ್ನ ಕಡೆ ತಿರುಗಿ, "ಗೆಡ್ಡೆ ಇಲ್ಲ. ಇದ್ದಿದ್ದರೆ ನಿಮಗೇ ಮೊದಲು ಹೇಳುತ್ತಿದ್ದೆ. ಮೊದಲ ಸಲ ನಿಮ್ಮನ್ನು ಹೊರಗೆ ಕೂರಿಸಿದ್ದು ಯಾಕೆ ಗೊತ್ತೇ? ನೀವು ಪಕ್ಕದಲ್ಲಿದ್ದರೆ ಅವರು ಏನೂ ಹೇಳುತ್ತಿರಲಿಲ್ಲ" ಎಂದರು.

ವಾಪಸು ಬಸ್ಸಿನಲ್ಲಿ ಶಾರದಾಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಈಚೆ ಕೂತೆ. ನನಗೆ ಸಿಟ್ಟು ಬಂದಿತ್ತು. ಸಾಯುವುದಿಲ್ಲ ಎಂಬ ಸಮಾಧಾನ ಆ ಸಿಟ್ಟಿನ ನಡುನಡುವೆ ಬಂದು ಅದನ್ನು ಹಾಳು ಮಾಡುತ್ತಿತ್ತು. ಇಡೀ ಪೇಟೆ ಸೇರಿ ನನ್ನಿಂದ ನನ್ನನ್ನೇ ಮುಚ್ಚಿಟ್ಟಿತ್ತು. ಚಿಕ್ಕಪ್ಪನಿಗೆ ಮಾಡಿದ್ದನ್ನೇ ನನಗೂ ಪ್ರೀತಿಯಿಂದ ಮಾಡಿದ್ದರು. ಹಳದೀಪುರ ದಾಟಿದ ಮೇಲೆ ಶಾರದಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

"ಬಚ್ಚಲಲ್ಲಿ ನಿಂತಿದ್ದ ದಿನ ನನ್ನ ಕೈಕಾಲು ತಣ್ಣಗಾಗಿತ್ತು. ನೀವು ಹೊರಗೆ ಬಂದು 'ಸಾಬೂನು ಎಲ್ಲಿ' ಅಂದ್ರಿ. ನಾನು ಸಾಬೂನು ಕೊಟ್ಟೆ. ಎಂತ ಮಾಡ್ಬೇಕಿತ್ತು?"

ನನ್ನ ಭಯಕ್ಕೆ ಅಂಕ ಕೊಡುತ್ತ ಕೂತಿದ್ದ ನಾನು, ಅವಳ ಭಯಕ್ಕೆ ಒಂದು ಕಂಬ ಹಾಕುವುದಿರಲಿ, ಅಂಥದೊಂದು ಇದ್ದೀತು ಎಂದೂ ಯೋಚಿಸಿರಲಿಲ್ಲ.

"ಹೇಳ್ಬೇಕಿತ್ತು" ಎಂದೆ.

"ಹೇಳಿದ್ರೆ ನಿದ್ದೆ ಮಾಡ್ತಿದ್ರಾ?"



ಮಾರನೆಯ ದಿನ ಗಜಾನನನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಹೋದೆ. ಅವನೇ ಮೊದಲು ಬಾಯಿ ಹಾಕಿದ. "ಶಾರದಕ್ಕ ಫೋನ್ ಮಾಡಿದ್ರು. ದತ್ತಣ್ಣ, ನಿಮ್ಗೆ ಒಂದು ತಲೆನೋವು ಬಂದ್ರೆ ನಮ್ಗೆ ಮಧ್ಯಾಹ್ನ ಪೂರಾ ಅದ್ರ ಕಥೆ ಕೇಳ್ಬೇಕು. ಇದನ್ನ ಹೇಳಿದ್ರೆ ನಾನು ಅಂಗಡಿ ಮುಚ್ಕಂಡು ಹೋಗ್ಬೇಕಾಗಿತ್ತು."

"ಇನ್ನು ಮೇಲೆ ನೀನೇ ಬರಿ" ಎಂದು ಪೆನ್ನು ಕೊಟ್ಟೆ.

ಇದು ಅನಘಾ ಮಾಡಿದ ಹೊಸ ಏರ್ಪಾಡು. ಚುಕ್ಕಿ ಇಡುವುದು ನಾನಲ್ಲ, ನೋಡಿದವರು. ಪುಸ್ತಕ ಹಗಲು ಅಂಗಡಿಯ ಮೇಜಿನ ಮೇಲೆ, ಸಂಜೆ ಅಡುಗೆಮನೆಯ ಕಿಟಕಿಯಲ್ಲಿ. ಯಾರೂ ನನ್ನನ್ನು ಕೇಳಬೇಕಾಗಿಲ್ಲ, ನಾನೂ ಯಾರನ್ನೂ ವಿಚಾರಣೆ ಮಾಡುವ ಹಾಗಿಲ್ಲ. ಮೊದಮೊದಲು ನಾನು ಹತ್ತು ಸಲ ಪುಟ ತೆಗೆದು ನೋಡುತ್ತಿದ್ದೆ. ಗಜಾನನ ಅದರಲ್ಲಿ ತನ್ನ ವ್ಯಾಪಾರದ ವಿಷಯವನ್ನೂ ಸೇರಿಸಿಬಿಡುತ್ತಿದ್ದ. 'ಇವತ್ತು ಎಂತ ಇಲ್ಲ. ಗಿರಾಕಿಯೂ ಇಲ್ಲ.' ಪುಟದ ಅಂದ ಹೋಯಿತೆಂದು ಅನಘಾಗೆ ಸಿಟ್ಟು. ನನಗೆ ಆ ಸೊಟ್ಟ ಅಕ್ಷರಗಳೇ ಹೆಚ್ಚು ನಂಬಿಕೆ ಹುಟ್ಟಿಸಿದವು.

ಮಳೆಗಾಲದ ನಡುವೆ ಒಂದು ಸಂಜೆ ನಾನು ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ. ಶಾರದಾ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕಾಯಿ ಅವಳ ಕೈಯಲ್ಲಿತ್ತು. ನನ್ನಿಂದ ಯಾವಾಗ ತೆಗೆದುಕೊಂಡಳು ಎಂದು ನನಗೆ ಗೊತ್ತಿಲ್ಲ.

"ಈಗ ಒಂದು ಬಂದು ಹೋತು" ಎಂದಳು.

ಅವಳ ದನಿ ಮೆತ್ತಗಿರಲಿಲ್ಲ. ಹಾಲು ಬಂತು, ಕರೆಂಟು ಹೋತು ಎನ್ನುವ ಹಾಗೆಯೇ ಹೇಳಿದಳು. ಆದರೆ ಕಣ್ಣು ತೆಗೆಯದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟು ಹೊತ್ತು?"

"ಸ್ವಲ್ಪವೇ. ಮೊದ್ಲಿನಷ್ಟು ಇಲ್ಲ."

"ಹೆದರಿದ್ಯಾ?"

"ಹ್ಞೂಂ" ಎಂದಳು. "ನೀವು?"

"ನಾನು ಇರ್ಲಿಲ್ವಲ್ಲ" ಎಂದೆ. ಅವಳಿಗೆ ನಗು ಬಂತು. ಒಳಗೆ ಹೋಗಿ ಪುಸ್ತಕ ತಂದು, ನಾನು ನೋಡುತ್ತಿರುವಾಗಲೇ, ಮೂರನೆಯ ಕಂಬದಲ್ಲಿ ಚುಕ್ಕಿ ಇಟ್ಟಳು. ಮೂರು ಸಲ ಸುತ್ತಿ ದಪ್ಪ ಮಾಡಿದಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಪುಸ್ತಕ ಕಿಟಕಿಯಲ್ಲಿ ತೆರೆದೇ ಇತ್ತು. ಚಹಾ ಕುಡಿಯುತ್ತ ನೋಡಿದೆ. ನಿದ್ದೆಯ ಕಂಬ ನಾನು ತುಂಬಿಸಬೇಕಾದದ್ದು. ಅದನ್ನು ಅವಳು ಆಗಲೇ ತುಂಬಿಸಿದ್ದಳು. ಅಲ್ಲಿ ಗುರುತು ಹಾಕಿದರೆ ಸಾಕಿತ್ತು. ಅವಳು ಅಷ್ಟಕ್ಕೆ ಬಿಡದೆ, ಕಂಬದಾಚೆಗೂ ಚಾಚಿಕೊಂಡು ಬರೆದಿದ್ದಳು: 'ಮಲಗಿದವ್ರು ಏಳ್ಲಿಲ್ಲ. ಗೊರಕೆ. ನಾನೂ ಮಲಗಿದೆ.'